ಅರಣ್ಯ-ಸವನ್ನಾಗಳ ಗಡಿಯೂ ಇತಿಹಾಸದ ಸಾಕ್ಷ್ಯವೂ

ಉಷ್ಣವಲಯದ ಅರಣ್ಯವೂ ಸವನ್ನಾ ಎಂಬ ಹುಲ್ಲುಬಯಲೂ ಸಂಧಿಸುವ ಗಡಿಯನ್ನು ಮಳೆಯೊಂದೇ ನಿರ್ಣಯಿಸುವುದೆಂದು ಭಾವಿಸುವುದು ಸಹಜ. ಆದರೆ ಒಂದೇ ಪ್ರಮಾಣದ ಮಳೆ ಬೀಳುವೆಡೆಯಲ್ಲಿಯೂ ಇವೆರಡೂ ಅಕ್ಕಪಕ್ಕದಲ್ಲಿ ನೆಲಸಿರುವುದುಂಟು. ಇದಕ್ಕೆ ಬೆಂಕಿಯು ಒಂದು ಮುಖ್ಯ ಕಾರಣ. ಒಣಹುಲ್ಲು ಹೊತ್ತಿಕೊಂಡಾಗ ಅರಣ್ಯವೃಕ್ಷಗಳ ಎಳೆಯ ಸಸಿಗಳು ನಾಶವಾಗುತ್ತವೆ. ದಪ್ಪ ತೊಗಟೆಯ ಸವನ್ನಾ ಮರಗಳು ಉಳಿಯುತ್ತವೆ. ಆದರೆ ಮರಗಳ ನೆತ್ತಿಗಳು ಒಮ್ಮೆ ಒಂದಕ್ಕೊಂದು ಕೂಡಿಕೊಂಡರೆ ನೆರಳಿನಲ್ಲಿ ಹುಲ್ಲು ಬೆಳೆಯದು, ಹುಲ್ಲಿಲ್ಲದೆಡೆಗೆ ಬೆಂಕಿಯೂ ಸುಲಭವಾಗಿ ನುಗ್ಗದು. ಆದುದರಿಂದ ಗಡಿಯನ್ನು ಕಂಡ ಮಾತ್ರಕ್ಕೆ ಅದು ಯಾವ ಕಡೆಗೆ ಸರಿಯುತ್ತಿದೆಯೆಂದು ಹೇಳಲಾಗದು. ಅದಕ್ಕೆ ಇತಿಹಾಸದ ಸಾಕ್ಷ್ಯವು ಬೇಕು.

ಪಶ್ಚಿಮ ಆಫ್ರಿಕದ ಗಿನಿ ದೇಶದ ಕಿಸ್ಸಿಡುಗು ಪ್ರಾಂತವು ಇದಕ್ಕೆ ಉತ್ತಮ ನಿದರ್ಶನ. ಅಲ್ಲಿಯ ಸವನ್ನಾದ ನಡುವೆ ಹಳ್ಳಿಗಳನ್ನು ಸುತ್ತುವರಿದು ದಟ್ಟವಾದ ಅರಣ್ಯದ್ವೀಪಗಳಿವೆ. ಫ್ರೆಂಚ್ ಆಡಳಿತದ ಕಾಲದ ಸಸ್ಯಶಾಸ್ತ್ರಜ್ಞರೂ ಅಧಿಕಾರಿಗಳೂ ಇವನ್ನು ಹಿಂದೆ ಎಲ್ಲೆಡೆಯೂ ಹಬ್ಬಿದ್ದ ಮಹಾರಣ್ಯದ ಅವಶೇಷಗಳೆಂದು ಬಗೆದರು. ಉಳಿದುದೆಲ್ಲವನ್ನೂ ರೈತರು ಕಡಿದು ಸುಟ್ಟು ಹಾಳುಮಾಡಿದರೆಂಬುದು ಅವರ ತೀರ್ಮಾನ. 1958ರಲ್ಲಿ ದೇಶವು ಸ್ವತಂತ್ರವಾದ ಮೇಲೆಯೂ ಈ ಅಭಿಪ್ರಾಯವು ಅಳಿಯಲಿಲ್ಲ. ಬೆಂಕಿ ಹಾಕಿದ ರೈತನು ಅಪರಾಧಿಯೆನಿಸಿ ದಂಡನೆಗೆ ಗುರಿಯಾದನು.

ಜೇಮ್ಸ್ ಫೇರ್‌ಹೆಡ್ ಮತ್ತು ಮೆಲಿಸ್ಸಾ ಲೀಚ್ ಎಂಬ ಮಾನವಶಾಸ್ತ್ರಜ್ಞರು 1996ರಲ್ಲಿ ಪ್ರಕಟಿಸಿದ ಗ್ರಂಥವು ಈ ಕಥನವನ್ನು ತಲೆಕೆಳಗು ಮಾಡಿತು. ಅವರು 1952ರ ವೈಮಾನಿಕ ಛಾಯಾಚಿತ್ರಗಳನ್ನು ಅನಂತರದ ಉಪಗ್ರಹ ಚಿತ್ರಗಳೊಡನೆ ಹೋಲಿಸಿದರು. ಹಳೆಯ ಪ್ರವಾಸಿಗಳ ಬರಹಗಳನ್ನು ಓದಿದರು. ಗ್ರಾಮವೃದ್ಧರ ನೆನಪುಗಳನ್ನು ಕೇಳಿದರು. ಅನೇಕ ಹಳ್ಳಿಗಳು ಮೊದಲು ಬಯಲಿನಲ್ಲಿಯೇ ಹುಟ್ಟಿದವೆಂದೂ ಕಾಡು ಅವುಗಳ ಸುತ್ತ ತರುವಾಯ ಬೆಳೆಯಿತೆಂದೂ ಇದರಿಂದ ವಿದಿತವಾಯಿತು. ಹಳ್ಳಿಯವರು ಕೋಟೆಯ ರಕ್ಷಣೆಗಾಗಿ ಮರಗಳನ್ನು ನೆಟ್ಟಿದ್ದರು. ದನಗಳ ಮೇವಿನಿಂದ ಹುಲ್ಲು ತಗ್ಗಿತು. ಮನೆಯ ಕಸವೂ ಹಿತ್ತಿಲ ಬೇಸಾಯವೂ ಮಣ್ಣನ್ನು ಫಲವತ್ತಾಗಿಸಿದವು. ಬೇಸಿಗೆಯ ಆರಂಭದಲ್ಲಿಯೇ ಹಳ್ಳಿಯಂಚಿನ ಹುಲ್ಲನ್ನು ಸುಡುತ್ತಿದ್ದುದರಿಂದ ಕಡುಬೇಸಿಗೆಯ ಉಗ್ರವಾದ ಕಿಚ್ಚು ಮರಗಳತ್ತ ಬರಲಿಲ್ಲ. ಅಪರಾಧವೆಂದು ದಂಡಿಸಲ್ಪಟ್ಟ ಬೆಂಕಿಯೇ, ಕಾಲವರಿತು ಹಾಕಿದಾಗ, ಅರಣ್ಯದ ಕಾವಲಾಗಿತ್ತು.

ಆಫ್ರಿಕದಲ್ಲೆಲ್ಲ ಅರಣ್ಯವು ವೃದ್ಧಿಹೊಂದುತ್ತಿದೆಯೆಂದು ಇದರಿಂದ ತಿಳಿಯಲಾಗದು. ಕಾಡು ನಿಜವಾಗಿಯೂ ಅಳಿದಿರುವ ಪ್ರದೇಶಗಳು ಅಲ್ಲಿ ಹಲವುಂಟು. ಇಲ್ಲಿ ಗಮನಿಸತಕ್ಕುದು ವಿಧಾನದ ದೋಷ. ಅಧಿಕಾರಿಗಳು ಇಂದಿನ ನೋಟವೊಂದರಿಂದ ನೆನ್ನೆಯ ಚರಿತ್ರೆಯನ್ನು ಊಹಿಸಿದರು. ಊಹೆಯು ವರದಿಯಾಗಿ, ವರದಿಯು ಶಾಸನವಾಯಿತು. ಅದರ ಭಾರವನ್ನು ಹೊತ್ತವರು ಕಾಡನ್ನು ಬೆಳೆಸಿದ ಜನರೇ. ಗ್ರಾಮವೃದ್ಧರ ಮಾತನ್ನೂ ದಾಖಲೆಯೆಂದು ಎಣಿಸಿ ಇತರ ಸಾಕ್ಷ್ಯಗಳೊಡನೆ ಪರೀಕ್ಷಿಸಿದ್ದರೆ ಈ ಅನ್ಯಾಯವು ತಪ್ಪಬಹುದಾಗಿತ್ತು.