ಲೆಕ್ಕದಿಂದ ಹೋದ ಸಾಲ, ತಲೆಯ ಮೇಲಿಂದ ಹೋಯಿತೆ?

ಕ್ರೆಡಿಟ್ ಕಾರ್ಡಿನ ಹಳೆಯ ಬಾಕಿಯನ್ನು ಬ್ಯಾಂಕು ತಾನಾಗಿಯೇ ಲೆಕ್ಕದಿಂದ ತೆಗೆದುಹಾಕಿದೆ ಎಂದು ತಿಳಿದಾಗ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಜನ ಅದನ್ನು ಅರ್ಥ ಮಾಡಿಕೊಳ್ಳುವುದು ಒಂದೇ ಮಾತಿನಲ್ಲಿ: ‘ಸಾಲ ಮನ್ನಾ’. ಅದಕ್ಕೆ ಕಾರಣವೂ ಇದೆ. ಸರ್ಕಾರಗಳು ಮತ್ತೆ ಮತ್ತೆ ಸಾಲ ಮನ್ನಾ ಮಾಡಿದ್ದನ್ನು ಈ ಸೀಮೆ ಅರ್ಧ ಶತಮಾನದಿಂದ ಕಂಡಿದೆ. ಆದರೆ ಬ್ಯಾಂಕಿನವರು ‘ರೈಟ್ ಆಫ್’ ಎನ್ನುವುದು ಮನ್ನಾ ಅಲ್ಲ. ಈ ಎರಡರ ನಡುವಿನ ಅಂತರ ತಿಳಿಯದೆ ನಿಶ್ಚಿಂತರಾದವರ ಮನೆಗೆ ಮತ್ತೆ ನೋಟಿಸು ಬರುವುದುಂಟು.

ಮನ್ನಾದ ಚರಿತ್ರೆ

ಮನ್ನಾ ಎಂಬುದು ಸರ್ಕಾರದ ತೀರ್ಮಾನ. ಡಿ. ದೇವರಾಜ ಅರಸು ಅವರ ಸರ್ಕಾರ 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆಯನ್ನು ತಂದಾಗ, ಸಣ್ಣ ರೈತರು, ಭೂಹೀನ ಕೃಷಿ ಕಾರ್ಮಿಕರು ಹಾಗೂ ದುರ್ಬಲ ವರ್ಗದವರು ಲೇವಾದೇವಿಗಾರರಿಗೆ ಕೊಡಬೇಕಿದ್ದ ಸಾಲ ಕಾನೂನಿನ ಬಲದಿಂದಲೇ ತೀರಿತು. ಗಿರವಿ ಇಟ್ಟಿದ್ದ ಒಡವೆ, ಪಾತ್ರೆಗಳನ್ನು ಹಿಂದಿರುಗಿಸಬೇಕಾಯಿತು. ಬ್ಯಾಂಕ್ ಸಾಲಕ್ಕೆ ಆ ಕಾಯ್ದೆ ಅನ್ವಯಿಸಲಿಲ್ಲ.

ಬ್ಯಾಂಕ್ ಸಾಲದ ಸರದಿ ಬಂದದ್ದು 1990ರಲ್ಲಿ. ವಿ.ಪಿ. ಸಿಂಗ್ ನೇತೃತ್ವದ ಕೇಂದ್ರ ಸರ್ಕಾರ 10,000 ರೂ.ವರೆಗಿನ ಗ್ರಾಮೀಣ ಸಾಲಗಳಿಗೆ ಪರಿಹಾರ ನೀಡಿತು. 2008ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಮತ್ತು ಅತಿ ಸಣ್ಣ ರೈತರ ಸುಸ್ತಿ ಸಾಲಕ್ಕೆ ಪೂರ್ಣ ಮನ್ನಾ ಘೋಷಣೆಯಾಯಿತು. ರಾಜ್ಯದಲ್ಲಿ 2017ರ ಜೂನ್‌ನಲ್ಲಿ ಸಹಕಾರ ಸಂಘಗಳ 50,000 ರೂ.ವರೆಗಿನ ಬೆಳೆ ಸಾಲ ಮನ್ನಾ ಆಯಿತು. ಅದರ ಹೊರೆ 8,165 ಕೋಟಿ ರೂ. ಮರುವರ್ಷ ಎಚ್.ಡಿ. ಕುಮಾರಸ್ವಾಮಿ ಅವರ ಬಜೆಟ್ಟು 2 ಲಕ್ಷ ರೂ.ವರೆಗಿನ ಬೆಳೆ ಸಾಲಕ್ಕೆ ಮನ್ನಾ ಘೋಷಿಸಿತು. 1990ರಿಂದೀಚಿನ ಈ ಎಲ್ಲ ಮನ್ನಾಗಳಲ್ಲಿ ಸಾಲಗಾರನ ಬದಲು ಸರ್ಕಾರ ಹಣ ಕಟ್ಟಿಕೊಟ್ಟಿತು.

ಮಳೆ ಮತ್ತು ಕೊಳವೆಬಾವಿಯನ್ನು ನಂಬಿ ಅರಿಸಿನ, ಸಣ್ಣ ಈರುಳ್ಳಿ, ಚೆಂಡುಹೂ ಬೆಳೆಯುವ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇಂಥ ಘೋಷಣೆಗಳಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಹೇಳಬೇಕಾಗಿಲ್ಲ. 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲಕ್ಕೂ ಇಂಥ ಮನ್ನಾದ ಲಾಭ ಸಿಕ್ಕಿದೆ. ಆದರೆ ಪೇಟೆಯ ಅಂಗಡಿಯಲ್ಲಿ ಉಜ್ಜುವ ಕ್ರೆಡಿಟ್ ಕಾರ್ಡಿನ ಕಥೆ ಬೇರೆ. ಅದರ ಬಾಕಿ ಈ ಯಾವ ಮನ್ನಾದ ಪಟ್ಟಿಯಲ್ಲೂ ಇರಲಿಲ್ಲ.

ಬ್ಯಾಂಕಿನ ಲೆಕ್ಕ

ಹಾಗಿದ್ದರೆ ಬ್ಯಾಂಕು ಕಾರ್ಡಿನ ಬಾಕಿಯನ್ನು ಏಕೆ ತೆಗೆದುಹಾಕುತ್ತದೆ? ಕಾರ್ಡಿನ ಸಾಲಕ್ಕೆ ಸಾಮಾನ್ಯವಾಗಿ ಜಮೀನಾಗಲಿ ಒಡವೆಯಾಗಲಿ ಅಡವಿರುವುದಿಲ್ಲ. ಬಡ್ಡಿಯೋ ವಿಪರೀತ. ತಿಂಗಳಿಗೆ ಶೇ 3.5ರಂತೆ ಚಕ್ರಬಡ್ಡಿ ಬೆಳೆದರೆ 20,000 ರೂ. ಬಾಕಿ 20 ತಿಂಗಳಲ್ಲಿ ಸುಮಾರು 40,000 ರೂ. ಆಗುತ್ತದೆ. ಬಡ್ಡಿಯು ಅಸಲನ್ನು ಮೀರಬಾರದೆಂಬ ‘ದಾಮದುಪ್ಪಟ್ಟು’ ನಿಯಮ ಹಿಂದೆ ಧರ್ಮಶಾಸ್ತ್ರಗಳಲ್ಲಿತ್ತು. ಕ್ರೆಡಿಟ್ ಕಾರ್ಡಿಗೆ ಅಂಥ ಕಡಿವಾಣವಿಲ್ಲ. ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ನೀಡಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು.

90 ದಿನ ಮೀರಿ ಬಾಕಿ ಉಳಿದ ಕಾರ್ಡಿನ ಸಾಲ ‘ಅನುತ್ಪಾದಕ’ ಎನಿಸುತ್ತದೆ. ಅಂಥ ಸಾಲಕ್ಕೆ ಬ್ಯಾಂಕು ತನ್ನ ಲಾಭದಿಂದ ಹಣ ತೆಗೆದಿಡಬೇಕು. ಇಡೀ ಮೊತ್ತಕ್ಕೆ ಹಣ ತೆಗೆದಿಟ್ಟ ಮೇಲೆ ಆ ಸಾಲವನ್ನು ಲೆಕ್ಕದಲ್ಲಿ ತೋರಿಸುವುದರಿಂದ ಪ್ರಯೋಜನವಿಲ್ಲ. ಆಗ ಅದನ್ನು ಕೈಬಿಟ್ಟು ಆಸ್ತಿಪಟ್ಟಿಯನ್ನು ಚೊಕ್ಕಟಗೊಳಿಸಲಾಗುತ್ತದೆ. ಶಾಖೆಯ ಪುಸ್ತಕದಲ್ಲಿ ಬಾಕಿ ಇದ್ದಂತೆಯೇ ಕೇಂದ್ರ ಕಚೇರಿಯ ಮಟ್ಟದಲ್ಲಿ ಸಾಲವನ್ನು ಹೀಗೆ ತೆಗೆಯಲು ರಿಸರ್ವ್ ಬ್ಯಾಂಕ್ ಅವಕಾಶ ನೀಡಿದೆ. ಅಂದರೆ ಮುಂಬೈ ಕಚೇರಿಯ ಲೆಕ್ಕದಲ್ಲಿ ಇಲ್ಲದ ಸಾಲ ಗುಂಡ್ಲುಪೇಟೆಯ ಶಾಖೆಯಲ್ಲಿ ಹಾಗೆಯೇ ಇರಬಹುದು.

2014-15ರಿಂದ ಒಂಬತ್ತು ವರ್ಷಗಳಲ್ಲಿ ಬ್ಯಾಂಕುಗಳು 14.56 ಲಕ್ಷ ಕೋಟಿ ರೂ. ಸಾಲವನ್ನು ಹೀಗೆ ತೆಗೆದಿವೆ ಎಂದು ಕೇಂದ್ರ ಸರ್ಕಾರ 2023ರಲ್ಲಿ ಲೋಕಸಭೆಗೆ ತಿಳಿಸಿತು. ಅದರಲ್ಲಿ ಸುಮಾರು ಅರ್ಧದಷ್ಟು ದೊಡ್ಡ ಉದ್ಯಮಗಳ ಸಾಲ. ಅದೇ ಅವಧಿಯಲ್ಲಿ ಲೆಕ್ಕದಿಂದ ತೆಗೆದ ಸಾಲಗಳಿಂದಲೇ 2 ಲಕ್ಷ ಕೋಟಿ ರೂ.ಗೂ ಹೆಚ್ಚು ವಸೂಲಾಯಿತು. ಲೆಕ್ಕದಿಂದ ತೆಗೆದ ಮಾತ್ರಕ್ಕೆ ವಸೂಲಿಯ ಹಕ್ಕು ಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮುಚ್ಚಿದ ಬಾಗಿಲು

ಸಾಲಗಾರನಿಗೆ ಇದರಿಂದಾಗುವ ದೊಡ್ಡ ಪೆಟ್ಟು ಕಣ್ಣಿಗೆ ಕಾಣದು. ಸಿಬಿಲ್‌ನಂಥ ಸಂಸ್ಥೆಗಳ ದಾಖಲೆಯಲ್ಲಿ ಆತನ ಹೆಸರಿನ ಮುಂದೆ ಸಾಲ ವಸೂಲಾಗಲಿಲ್ಲವೆಂಬ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಮಗಳ ಓದಿಗೋ ಹಸು ಕೊಳ್ಳುವುದಕ್ಕೋ ಸಾಲ ಕೇಳಿದಾಗ ಬ್ಯಾಂಕಿನ ಬಾಗಿಲು ಮುಚ್ಚಿರುತ್ತದೆ. ಉಳಿಯುವುದು ಕೈಸಾಲ, ಮೀಟರ್ ಬಡ್ಡಿ, ಕಿರುಸಾಲ ಕಂಪನಿಗಳು.

ಆ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಚಾಮರಾಜನಗರ ತಾಲ್ಲೂಕು ಕಂಡಿದೆ. ಕಿರುಸಾಲ ವಸೂಲಿಗಾರರ ಕಾಟಕ್ಕೆ ಹೆದರಿ ಹೆಗ್ಗವಾಡಿಪುರದ ಕುಟುಂಬಗಳು ಊರು ಬಿಟ್ಟ ಸುದ್ದಿ 2025ರ ಜನವರಿಯಲ್ಲಿ ವರದಿಯಾಯಿತು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ನೋಂದಣಿಯಿಲ್ಲದ ಲೇವಾದೇವಿದಾರರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆ ಎಂದು ಅದು ಸಾರಿತು. ಇದು 1976ರ ಕಾಯ್ದೆಯದೇ ಧಾಟಿ. ಆಗಿನಂತೆ ಈಗಲೂ ಬ್ಯಾಂಕಿನ ಸಾಲ ಅದರ ವ್ಯಾಪ್ತಿಗೆ ಬರಲಿಲ್ಲ.

ಬೇಬಾಕಿ ಪತ್ರ

ಸಾಲ ನಿಜವಾಗಿ ತೀರುವುದು ಯಾವಾಗ? ಕೊಟ್ಟವನು ತನಗೆ ಬರಬೇಕಾದುದನ್ನು ಪೂರ್ತಿಯಾಗಿ ಅಥವಾ ಭಾಗಶಃ ಬಿಟ್ಟುಕೊಡಬಹುದು ಎಂದು 1872ರ ಭಾರತೀಯ ಕರಾರು ಕಾಯ್ದೆಯೇ ಹೇಳುತ್ತದೆ. ಆದರೆ ಬಿಟ್ಟದ್ದಕ್ಕೆ ಗುರುತು ಬೇಕು. ಬ್ಯಾಂಕು ಒಂದು ಮೊತ್ತಕ್ಕೆ ಒಪ್ಪಿ ರಾಜಿ ಮಾಡಿಕೊಂಡರೂ, ತಾನಾಗಿಯೇ ಬಾಕಿ ಬಿಟ್ಟರೂ, ‘ಬಾಕಿ ಏನೂ ಇಲ್ಲ’ ಎಂಬ ಬೇಬಾಕಿ ಪತ್ರವನ್ನು ಬರೆಸಿಕೊಳ್ಳಬೇಕು. ಸಿಬಿಲ್ ದಾಖಲೆ ಅದಕ್ಕೆ ತಕ್ಕಂತೆ ಬದಲಾಯಿತೇ ಎಂದೂ ನೋಡಬೇಕು.

ಮೂರು ವರ್ಷ ಕಳೆದರೆ ಸಾಲ ಸತ್ತಂತೆ ಎಂಬ ಮಾತೂ ಅರೆ ಸತ್ಯ. ಕಾಲಮಿತಿ ಕಾಯ್ದೆಯ ಪ್ರಕಾರ ಆ ಅವಧಿ ಮುಗಿದರೆ ದಾವೆ ಹೂಡುವ ದಾರಿ ಮುಚ್ಚುತ್ತದೆ, ಸಾಲ ಇಲ್ಲವಾಗುವುದಿಲ್ಲ. ಅವಧಿ ಮುಗಿಯುವ ಮೊದಲು ಬಾಕಿಯನ್ನು ಒಪ್ಪಿ ಸಹಿ ಹಾಕಿದರೆ ಮೂರು ವರ್ಷದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ವಸೂಲಿಗೆ ಬಂದವರು ಮುಂದೆ ಹಿಡಿಯುವ ಕಾಗದವನ್ನು ಓದದೆ ಸಹಿ ಹಾಕಬಾರದು ಎನ್ನುವುದು ಇದಕ್ಕಾಗಿಯೇ.

ಸರ್ಕಾರದ ಮನ್ನಾ ಘೋಷಣೆಯಾಗಿ ಬರುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ. ಬ್ಯಾಂಕಿನ ‘ರೈಟ್ ಆಫ್’ ಲೆಕ್ಕದ ಪುಸ್ತಕದೊಳಗೇ ಮುಗಿಯುತ್ತದೆ. ಕೈಯಲ್ಲಿ ಬೇಬಾಕಿ ಪತ್ರವಿಲ್ಲದವನು ಇನ್ನೂ ಸಾಲಗಾರನೇ.