ಮಗ್ಗ, ಗುಂಪು ಮತ್ತು ಬದಲಾವಣೆ: ಅಹಮದಾಬಾದ್ ಪ್ರಯೋಗದ ಪುನರವಲೋಕನ

ಸಂಸ್ಥೆಯೊಂದರಲ್ಲಿ ಬದಲಾವಣೆ ಎಂದೊಡನೆ ಹೊಸ ಯಂತ್ರ, ಹೊಸ ನಿಯಮ, ಹೊಸ ಹುದ್ದೆಗಳ ಕಲ್ಪನೆ ಮೂಡುವುದು ಸಹಜ. ಆದರೆ ಯಂತ್ರದ ಸುತ್ತಲಿನ ಮಾನವ ಸಂಬಂಧಗಳನ್ನು ಅಲಕ್ಷಿಸಿದ ಬದಲಾವಣೆ ನಿರೀಕ್ಷಿತ ಫಲ ನೀಡಲಾರದು ಎಂಬುದನ್ನು ಮಾನವ ಸಂಪನ್ಮೂಲ ನಿರ್ವಹಣೆಯ ಅಧ್ಯಯನಗಳು ತೋರಿಸಿವೆ. ಈ ಚಿಂತನೆಯ ಬೆಳವಣಿಗೆಯಲ್ಲಿ ಅಹಮದಾಬಾದಿನ ಕ್ಯಾಲಿಕೊ ಗಿರಣಿಯಲ್ಲಿ 1953ರಲ್ಲಿ ನಡೆದ ಪ್ರಯೋಗಕ್ಕೆ ವಿಶೇಷ ಸ್ಥಾನವಿದೆ. ಅದರ ಸ್ವರೂಪವನ್ನೂ ಮಿತಿಯನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಯೋಗದ ತಾತ್ವಿಕ ಹಿನ್ನೆಲೆ ಇಂಗ್ಲೆಂಡಿನದು. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಹಾಗೂ ಸ್ವತಃ ಗಣಿ ಕಾರ್ಮಿಕರಾಗಿದ್ದ ಕೆನ್ ಬ್ಯಾಮ್‌ಫೋರ್ತ್ ಅವರು 1951ರಲ್ಲಿ ಕಲ್ಲಿದ್ದಲು ಗಣಿಗಳನ್ನು ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಯಂತ್ರಗಳು ಬಂದ ಮೇಲೆ, ಸಣ್ಣ ತಂಡವೊಂದು ಒಟ್ಟಾಗಿ ಮಾಡುತ್ತಿದ್ದ ಕೆಲಸ ಬೇರೆ ಬೇರೆ ಪಾಳಿಗಳಲ್ಲಿ ಹಂಚಿಹೋಯಿತು; ಪರಸ್ಪರ ಹೊಣೆಗಾರಿಕೆ ಶಿಥಿಲವಾಯಿತು. ತಾಂತ್ರಿಕ ವ್ಯವಸ್ಥೆ ಮತ್ತು ಸಾಮಾಜಿಕ ವ್ಯವಸ್ಥೆಗಳನ್ನು ಒಟ್ಟಿಗೇ ರೂಪಿಸಬೇಕೆಂಬ ‘ಸಮಾಜ-ತಾಂತ್ರಿಕ’ ಸಿದ್ಧಾಂತಕ್ಕೆ ಇದೇ ಬುನಾದಿಯಾಯಿತು.

ಅದೇ ಸಂಸ್ಥೆಯ ಎ.ಕೆ. ರೈಸ್ ಅಹಮದಾಬಾದಿಗೆ ಬಂದಾಗ ಎದುರಾದ ಸಮಸ್ಯೆಯೂ ಇದಕ್ಕೆ ಸಮೀಪವಾದುದಾಗಿತ್ತು. ಗಿರಣಿಯಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಅಳವಡಿಸಿದ್ದರೂ ಉತ್ಪಾದನೆಯಲ್ಲಿ ನಿರೀಕ್ಷಿತ ಪ್ರಗತಿಯಾಗಿರಲಿಲ್ಲ. 224 ಮಗ್ಗಗಳಿದ್ದ ಆ ವಿಭಾಗದಲ್ಲಿ ನೇಯ್ಗೆ, ನೂಲು ತುಂಬುವುದು, ಕಡಿದ ಎಳೆಗಳನ್ನು ಸರಿಪಡಿಸುವುದು, ಎಣ್ಣೆ ಹಾಕುವುದು, ಬಟ್ಟೆ ಸಾಗಿಸುವುದು, ಕಸ ಗುಡಿಸುವುದು ಮುಂತಾಗಿ 12 ಬಗೆಯ ಕೆಲಸಗಳು ಪ್ರತ್ಯೇಕ ವ್ಯಕ್ತಿಗಳಿಗೆ ಹಂಚಿಕೆಯಾಗಿದ್ದವು. ಮಗ್ಗ ನಿಂತರೆ ಅದು ಯಾರ ಹೊಣೆ ಎಂಬುದೇ ಅಸ್ಪಷ್ಟವಾಗಿತ್ತು. ಕೆಲಸಗಳು ಒಂದನ್ನೊಂದು ಅವಲಂಬಿಸಿದ್ದವು. ಕೆಲಸಗಾರರನ್ನು ಮಾತ್ರ ಬಿಡಿಬಿಡಿಯಾಗಿ ನಿಲ್ಲಿಸಲಾಗಿತ್ತು.

ಒಂದು ಗುಂಪು ಮಗ್ಗಗಳಿಗೆ ಒಂದು ಗುಂಪು ಕೆಲಸಗಾರರು ಒಟ್ಟಾಗಿ ಹೊಣೆಯಾಗಬೇಕೆಂಬುದು ರೈಸ್ ಅವರ ಸೂಚನೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸೂಚನೆ ಹೊರಗಿನಿಂದ ಬಂದರೂ ಅದಕ್ಕೆ ರೂಪ ಕೊಟ್ಟವರು ಮೇಲ್ವಿಚಾರಕರು ಮತ್ತು ಕೆಲಸಗಾರರೇ. ಯಾರು ಯಾರೊಡನೆ ದುಡಿಯಬೇಕೆಂಬುದನ್ನು ಅವರೇ ನಿರ್ಧರಿಸಿ ಗುಂಪುಗಳನ್ನು ರಚಿಸಿಕೊಂಡರು. ಆರಂಭದ ಏರುಪೇರಿನ ನಂತರ ಉತ್ಪಾದನೆ ಹೆಚ್ಚಿತು, ಬಟ್ಟೆಯಲ್ಲಿನ ದೋಷಗಳು ಕಡಿಮೆಯಾದವು. ರೈಸ್ ಅವರು 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರಗಳಿವೆ.

ಹಲವು ವಿವರಣೆಗಳು ಇಲ್ಲಿಗೇ ಮುಗಿಯುತ್ತವೆ. ಆದರೆ ಎರಿಕ್ ಮಿಲ್ಲರ್ ಇದೇ ಗಿರಣಿಯನ್ನು ಮತ್ತೆ ಅಧ್ಯಯನ ಮಾಡಿ 1975ರಲ್ಲಿ ಪ್ರಕಟಿಸಿದ ಲೇಖನವು ಬೇರೊಂದು ಚಿತ್ರವನ್ನು ನೀಡುತ್ತದೆ. ಒಂದು ವಿಭಾಗದಲ್ಲಿ ಗುಂಪು ಪದ್ಧತಿ ಬಹುಮಟ್ಟಿಗೆ ಉಳಿದಿತ್ತು. ಉಳಿದೆಡೆ ಹೊರಗಿನ ಒತ್ತಡಗಳಿಗೆ ಸಿಲುಕಿ ಅದು ಸಡಿಲಗೊಂಡಿತ್ತು. ಬದಲಾವಣೆಯನ್ನು ತರುವುದು ಒಂದು ಕಾರ್ಯ, ಅದನ್ನು ಕಾಯ್ದುಕೊಳ್ಳುವುದು ಇನ್ನೊಂದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪ್ರಯೋಗದ ಯಶಸ್ಸನ್ನು ಅದರ ಮೊದಲ ಫಲಿತಾಂಶದಿಂದಷ್ಟೇ ಅಳೆಯುವ ಸಂಶೋಧನೆ ಅಪೂರ್ಣವೆನಿಸುತ್ತದೆ.

ಕನ್ನಡದಲ್ಲಿ ಈ ಶಾಸ್ತ್ರವನ್ನು ನಿರೂಪಿಸುವವರಿಗೆ ಇಲ್ಲಿ ಮತ್ತೊಂದು ವಿಚಾರವೂ ಅಡಗಿದೆ. ನಾವು ಬಳಸುತ್ತಿರುವ ‘ಮಾನವ ಸಂಪನ್ಮೂಲ’ ಎಂಬ ಪದವು ಮನುಷ್ಯನನ್ನು ನೀರು, ಖನಿಜ, ಬಂಡವಾಳಗಳ ಸಾಲಿನಲ್ಲಿ ಇರಿಸುತ್ತದೆ. ಸಂಪನ್ಮೂಲವನ್ನು ಬಳಸುವವರು ಬೇರೊಬ್ಬರು. ಅಹಮದಾಬಾದಿನ ನೇಕಾರರಾದರೋ ಬದಲಾವಣೆಯ ಕರ್ಮವಾಗಿ ಉಳಿಯದೆ ಕರ್ತೃಗಳಾದರು. ರೂಢಿಗೆ ಬಂದ ಪದವನ್ನು ಕೈಬಿಡುವುದು ಕಷ್ಟವಾದರೂ, ಅದು ಮರೆಮಾಡುವ ಈ ಕರ್ತೃತ್ವವನ್ನು ಪಾಠದಲ್ಲಾಗಲಿ ಬರಹದಲ್ಲಾಗಲಿ ಗುರುತಿಸಿ ಹೇಳುವ ಹೊಣೆ ಅಧ್ಯಾಪಕರದೂ ಸಂಶೋಧಕರದೂ ಆಗಿದೆ.