ಫ್ಲ್ಯಾಟಿನ ನಾಯಿಗೂ ತಪ್ಪದ ಉಣುಗಿನ ಜ್ವರ

ಮುಂಬಯಿ: ನಾಲ್ಕನೇ ಮಾಳಿಗೆಯ ಫ್ಲ್ಯಾಟಿನಲ್ಲಿರುವ ನಾಯಿಗೆ ಉಣುಗು ಎಲ್ಲಿಂದ ಬರಬೇಕು ಎಂದು ನಮ್ಮವರಲ್ಲಿ ಅನೇಕರು ನಂಬಿದ್ದಾರೆ. ಆದರೆ ನಾಯಿಯನ್ನು ಕಾಡುವ ಕಂದು ಉಣುಗು ಕಾಡಿನದ್ದಲ್ಲ, ಮನೆಯೊಳಗೇ ಬಾಳುವಂಥದ್ದು. (ಮಲೆನಾಡಿನ ಮಂಗನ ಕಾಯಿಲೆ ಹರಡುವ ಉಣುಗು ಬೇರೆ.) ಸೊಸೈಟಿಯ ಅಂಗಳದಲ್ಲಿ ಅಡ್ಡಾಡುವಾಗ ನಾಯಿಯ ಮೈಗೇರಿದ ಒಂದು ಹೆಣ್ಣು ಉಣುಗು ರಕ್ತ ಕುಡಿದು ಕೆಳಗಿಳಿದರೆ ಗೋಡೆಯ ಬಿರುಕಿನಲ್ಲೋ ಸೋಫಾದ ಸಂದಿಯಲ್ಲೋ ಸಾವಿರಾರು ಮೊಟ್ಟೆಯಿಡುತ್ತದೆ. ಇಲ್ಲಿನ ಬೆಚ್ಚನೆಯ ಹವೆಯಲ್ಲಿ ಅದಕ್ಕೆ ವರ್ಷವಿಡೀ ಸುಗ್ಗಿ. ನಾಯಿಗೆ ಸ್ನಾನ ಮಾಡಿಸಿದ ಮಾತ್ರಕ್ಕೆ ಸಾಲದು, ಆ ಸಂದಿಗಳನ್ನೂ ಶುಚಿಗೊಳಿಸಬೇಕು.

ಉಣುಗಿನ ಕಡಿತದಿಂದ ರಕ್ತ ಸೇರುವ ರೋಗಾಣುಗಳಲ್ಲಿ ಎರ್ಲಿಕಿಯಾ ಮತ್ತು ಬೆಬೀಸಿಯಾ ಮುಖ್ಯವಾದವು. ಎರ್ಲಿಕಿಯಾದಿಂದ ಪ್ಲೇಟ್‌ಲೆಟ್ ಇಳಿಯುತ್ತದೆ, ಮೂಗಿನಿಂದ ರಕ್ತ ಬರುವುದೂ ಉಂಟು. ಜರ್ಮನ್ ಶೆಫರ್ಡ್ ತಳಿಗೆ ಇದರ ಪೆಟ್ಟು ಹೆಚ್ಚು. ತಿಂಗಳುಗಟ್ಟಲೆ ಸುಮ್ಮನಿದ್ದು ಮತ್ತೆ ತಲೆಯೆತ್ತುವುದು ಇದರ ದುರ್ಗುಣ. ಬೆಬೀಸಿಯಾ ಕೆಂಪು ಕಣಗಳನ್ನು ಒಡೆಯುವುದರಿಂದ ವಸಡು ಬಿಳಿಚಿ, ಮೂತ್ರ ಕಪ್ಪುಗೆಂಪಾಗಬಹುದು.

ಊರಿಗೆ ಹೋಗುವಾಗ ನಾಯಿಯನ್ನು ಬೋರ್ಡಿಂಗಿನಲ್ಲಿ ಬಿಡುವವರು, ಅಲ್ಲಿ ಉಣುಗು ನಿವಾರಣೆಯ ವ್ಯವಸ್ಥೆ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಮರಳಿದ ಬಳಿಕ ಎರಡು ಮೂರು ವಾರಗಳಲ್ಲಿ ನಾಯಿ ಅನ್ನ ಬಿಟ್ಟು ಮಂಕಾದರೆ ಕೂಡಲೇ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಎರಡೇ ದಿನದಲ್ಲಿ ನಾಯಿ ಬಾಲ ಅಲ್ಲಾಡಿಸಿತೆಂದು ಔಷಧ ನಿಲ್ಲಿಸಬಾರದು. ಬೆಬೀಸಿಯಾಕ್ಕೆ ಔಷಧವೇ ಬೇರೆ. ಮನೆಯಲ್ಲಿರುವ ನಮ್ಮ ಜ್ವರದ ಮಾತ್ರೆಯನ್ನಂತೂ ಕೊಡಲೇಬಾರದು.

ಉಣುಗು ತಡೆಯುವ ಕೊರಳಪಟ್ಟಿ, ಹನಿ ಔಷಧ, ಮಾತ್ರೆ ಎಲ್ಲವೂ ಪೇಟೆಯಲ್ಲಿವೆ. ವೈದ್ಯರನ್ನು ಕೇಳಿಯೇ ಕೊಳ್ಳಿ. ಮನೆಯಲ್ಲಿ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಬೆರೆತದ್ದು ಬೇಡ, ಬೆಕ್ಕಿಗೆ ಅದು ವಿಷ.